ಪುಷ್ಯದಲ್ಲಿ ಕಾವು

ರೇಣುಕಪ್ಪ ಕೊಡಲಿ ಎತ್ತಿಯಾಗಿತ್ತು. ಅಷ್ಟರಲ್ಲಿ ನಿಶ್ಚಿತಾ ಅಂಗಳದಿಂದ ಓಡಿಬಂದು ಮಾವಿನ ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಈ ಮರ ಬೇಡ ರೇಣುಕಪ್ಪಣ್ಣ. ಕೊಡಲಿ ಕೆಳಗಿಡಿ."

ರೇಣುಕಪ್ಪ ಕೊಡಲಿ ಇಳಿಸಿ, ತನಗೆ ಅಪ್ಪಣೆ ಕೊಟ್ಟವರ ಮುಖ ನೋಡಿದ. ಅಪ್ಪಣೆ ಕೊಟ್ಟವನು ನಿಶ್ಚಿತಾಳ ಸೋದರಮಾವ ವಾಸಪ್ಪ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗದ ಆಳು. ಮದುವೆಯಾಗಲಿ ಸಾವಾಗಲಿ, ಇದ್ದಲ್ಲೆಲ್ಲ ತಾನೇ ಯಜಮಾನ ಅಂದುಕೊಳ್ಳುವ ಜಾತಿ. ಈ ದಿನವಂತೂ ಅವನಿಗೆ ಆ ಹಕ್ಕಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಮಲಗಿದ್ದವಳು ಅವನ ಒಬ್ಬಳೇ ತಂಗಿ ಸುಲೋಚನಮ್ಮ. ಹಿಂದಿನ ಸಂಜೆ ಕೊಪ್ಪದ ಆಸ್ಪತ್ರೆಯಲ್ಲಿ ಎದೆನೋವಿನಿಂದ ತೀರಿಕೊಂಡಿದ್ದಳು. ಬೆಳಿಗ್ಗೆ ಮಗ ಅರುಣ ತನ್ನ ಪಿಕಪ್‌ನಲ್ಲೇ ತಾಯಿಯನ್ನು ನೆಮ್ಮಾರಿನ ಮನೆಗೆ ತಂದಿದ್ದ. ತವರಿನವರು ಹೊದಿಸಬೇಕಾದ ಸೀರೆಯನ್ನು ವಾಸಪ್ಪ ತಂದು ಹೊದಿಸಿಯೂ ಆಗಿತ್ತು. ಇನ್ನು ಉಳಿದದ್ದು ಸೌದೆ.

ಆ ಕೇರಿಯ ನಾಲ್ಕಾರು ಒಕ್ಕಲು ಮನೆಗಳಲ್ಲಿ ಒಂದು ಕ್ರಮವಿತ್ತು. ವಯಸ್ಸಾದವರು ತಮ್ಮ ಚಿತೆಗೆ ಒಂದು ಮಾವಿನ ಮರ ಗೊತ್ತು ಮಾಡಿ ಇಡುತ್ತಿದ್ದರು. "ಇದು ನಂಗೆ" ಎಂದು ಒಮ್ಮೆ ಹೇಳಿದರೆ ಮುಗಿಯಿತು. ಆಮೇಲೆ ಬಾಗಿಲಿಗೆಂದಾಗಲಿ ಹಲಗೆಗೆಂದಾಗಲಿ ಯಾರೂ ಆ ಮರ ಮುಟ್ಟುವ ಹಾಗಿಲ್ಲ. ಒಬ್ಬರ ಮರವನ್ನು ಇನ್ನೊಬ್ಬರ ಚಿತೆಗೆ ಕೊಡುವ ಹಾಗೂ ಇಲ್ಲ. ಕೊಟ್ಟವರ ಸರದಿ ಬೇಗ ಬರುತ್ತದೆ ಎಂದು ಹೆದರಿಕೆ. ಹಿತ್ತಿಲ ಈ ಮರವನ್ನು ಸುಲೋಚನಮ್ಮ ಗಂಡ ಸತ್ತ ವರ್ಷವೇ ತನಗೆಂದು ಹೇಳಿಟ್ಟಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು.

"ನಿನ್ನ ಅಮ್ಮನದೇ ಮರ ಇದು," ಎಂದ ವಾಸಪ್ಪ. "ಅವಳೇ ಹೇಳಿದ್ದು. ನೀನೆಂತ ಅಡ್ಡ ಬರೋದು?"

"ಹೇಳಿದ್ದು ಹೌದು ಮಾವ. ಆದ್ರೆ ಪೊಟರೆಲಿ ಮಡಿವಾಳ ಹಕ್ಕಿ ಕಾವಿಗೆ ಕೂತಿದೆ. ಹೋದ ವಾರ ಅಮ್ಮ ನಂಗೆ ತೋರಿಸಿದ್ಲು. ಈ ಹಕ್ಕಿ ಎದ್ದು ಹೋಗೋ ತನಕ ನಾನು ಸಾಯಲ್ಲ ಅಂತ ಹೇಳಿದ್ಲು."

"ಸತ್ತಿದಾಳಲ್ಲ."

"ಅದಕ್ಕೇ ನಾನು ನಿಂತಿರೋದು."

ಸುತ್ತ ನಿಂತವರಲ್ಲಿ ಯಾರೋ ಕೆಮ್ಮಿದರು. ಅರುಣ ಬಂದು ತಂಗಿಯ ತೋಳು ಹಿಡಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಒದ್ದೆ ಪಂಚೆ ಉಟ್ಟು ಅವನು ನಡುಗುತ್ತಿದ್ದ.

"ನಿಶ್ಚಿ, ಬಾ. ಜನ ನೋಡ್ತಿದಾರೆ."

"ನೋಡ್ಲಿ."

"ಅಮ್ಮನ್ನ ಅಂಗಳದಲ್ಲಿ ಮಲಗಿಸ್ಕೊಂಡು ಹಕ್ಕಿ ಮಾತಾ? ಹೊತ್ತು ಮುಳುಗೋದ್ರೊಳಗೆ ಎಲ್ಲ ಆಗ್ಬೇಕು."

ವಾಸಪ್ಪ ನಕ್ಕ. ಸಾವಿನ ಮನೆಯಲ್ಲಿ ನಗುವುದು ಅವನಂಥವರಿಗೆ ಮಾತ್ರ ಸಾಧ್ಯ. "ಪುಷ್ಯದಲ್ಲಿ ಯಾವ ಹಕ್ಕಿ ಮೊಟ್ಟೆ ಇಡ್ತದೆ ಮಾರಾಯ್ತಿ? ಯುಗಾದಿ ಹತ್ರ ಬಂದ ಮೇಲೆ ಅಲ್ವ ಅವು ಗೂಡಿಗೆ ಇಳಿಯೋದು. ಎಪ್ಪತ್ತು ವರ್ಷ ಈ ಕಾಡಲ್ಲೇ ಇದೀನಿ. ರೇಣುಕಪ್ಪ, ಕೊಡಲಿ ಹಿಂಬದಿಯಿಂದ ನಾಲ್ಕು ಬಡಿ. ಇದ್ರೆ ಹಾರ್ತದೆ."

ರೇಣುಕಪ್ಪ ನಿಶ್ಚಿತಾಳ ಪಕ್ಕದಿಂದಲೇ ಬುಡಕ್ಕೆ ನಾಲ್ಕು ಬಡಿದ. ಎಲ್ಲರೂ ಕತ್ತೆತ್ತಿ ಕಾದರು. ಮೇಲಿನಿಂದ ಎರಡು ಒಣ ಎಲೆ ಬಿದ್ದವು, ಅಷ್ಟೆ.

"ಕಂಡ್ಯಾ? ಖಾಲಿ."

"ಮೊಟ್ಟೆ ಒಡೆಯೋ ಹೊತ್ತು ಹತ್ರ ಬಂದ್ರೆ ಹಕ್ಕಿ ಏಳಲ್ಲ ಮಾವ. ಮರ ಬಿದ್ರೂ ಏಳಲ್ಲ. ಅಮ್ಮ ಹೇಳಿದ್ದು."

'ಅಮ್ಮ ಹೇಳಿದ್ದು' ಎಂಬ ಮಾತು ಕೇಳಿದ್ದೇ ವಾಸಪ್ಪನ ಮುಖ ಕಪ್ಪಿಟ್ಟಿತು. ತಂಗಿಯ ಇಂಥದೇ ಒಂದು ಮಾತಿನಿಂದ ಮನೆ ಹಾಳಾಗಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ.

*

ಕಿಗ್ಗದ ಮೇಲಿನ ಕಾಡಿನಲ್ಲಿ ಹಕ್ಕಿಗಳ ಮೇಲೆ ಸಂಶೋಧನೆ ಮಾಡುವವರ ಒಂದು ಕ್ಯಾಂಪು ಇತ್ತು. ಸುಲೋಚನಮ್ಮ ಅಲ್ಲಿಗೆ ಅಡಿಗೆಗೆಂದು ಸೇರಿದಳು. ಗಂಡ ಸತ್ತಿದ್ದ, ಇಬ್ಬರು ಮಕ್ಕಳು ಓದುತ್ತಿದ್ದರು. ಕ್ಯಾಂಪಿನವರು ಬೆಳಕು ಹರಿಯುವ ಮುಂಚೆ ಮರಗಳ ನಡುವೆ ಕೂದಲೆಳೆಯಂಥ ಬಲೆ ಕಟ್ಟುತ್ತಿದ್ದರು. ಸಿಕ್ಕ ಹಕ್ಕಿ ತೂಗಿ, ಅಳೆದು, ಕಾಲಿಗೆ ಉಂಗುರ ಹಾಕಿ ಬಿಡುತ್ತಿದ್ದರು. ಓದಿದ ಹುಡುಗರು ಬಲೆಯಿಂದ ಹಕ್ಕಿ ಬಿಡಿಸಲು ಕಾಲು ಗಂಟೆ ಒದ್ದಾಡುವಾಗ, ಒಂದು ದಿನ ಸುಲೋಚನಮ್ಮ ಚಹದ ಲೋಟ ಕೆಳಗಿಟ್ಟು, ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕತ್ತು ಎಂದು ಒಂದೇ ನಿಮಿಷದಲ್ಲಿ ಬಿಡಿಸಿ ಕೈಗೆ ಕೊಟ್ಟಳು. ಸೊಪ್ಪು ಸೋಸಿದ ಕೈ. ಅಂದಿನಿಂದ ಅಡಿಗೆಯ ಜೊತೆ ಬಲೆಯೂ ಅವಳದಾಯಿತು.

ಹತ್ತು ವರ್ಷದಲ್ಲಿ ಅವಳು ಹಕ್ಕಿಯ ಮೈ ಓದುವುದನ್ನು ಕಲಿತಳು. ಎದೆಯ ಪುಕ್ಕವನ್ನು ಮೆಲ್ಲಗೆ ಊದಿದರೆ ಗಂಟಲ ಕೆಳಗಿನ ಕುಳಿಯಲ್ಲಿ ಹಳದಿ ಕೊಬ್ಬು ಕಾಣುತ್ತದೆ. ಅದು ತುಂಬಿದ್ದರೆ ಹಕ್ಕಿ ದೂರ ಹಾರಲು ಸಿದ್ಧವಾಗಿದೆ ಎಂದು ಅರ್ಥ. ಇನ್ನೂ ಕೆಳಗೆ ಊದಿದರೆ ಹೊಟ್ಟೆ. ಕಾವಿಗೆ ಕೂರುವ ಹೆಣ್ಣಿನ ಹೊಟ್ಟೆಯ ಪುಕ್ಕ ಉದುರಿ ಬೋಳಾಗಿರುತ್ತದೆ. ಬರಿಯ ಚರ್ಮದ ಬಿಸಿ ನೇರವಾಗಿ ಮೊಟ್ಟೆಗೆ ತಾಗಲೆಂದು ಅಲ್ಲಿ ರಕ್ತ ತುಂಬಿ ಕೆಂಪಗೆ ಉಬ್ಬಿರುತ್ತದೆ. ಲೆಕ್ಕ ಬರೆಯುವ ಹಾಳೆಯಲ್ಲಿ ಅದಕ್ಕೊಂದು ಕಾಲಂ. ಏನೂ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಉಬ್ಬಿದ್ದರೆ ಮೂರು.

ಎರಡು ಸಾವಿರದ ಮೂರನೆಯ ಇಸವಿ ಜನವರಿಯಲ್ಲಿ ಒಂದು ಹೆಣ್ಣು ಮಡಿವಾಳ ಬಲೆಗೆ ಬಿತ್ತು. ಹಿಂದಿನ ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ಕಾಡೆಲ್ಲ ಹುಳು ಎದ್ದಿದ್ದವು. ಸುಲೋಚನಮ್ಮ ಊದಿ ನೋಡಿ ಮೂರು ಎಂದು ಬರೆದಳು.

ಕ್ಯಾಂಪಿನ ಮುಖ್ಯಸ್ಥ ದತ್ತಮೂರ್ತಿ ಹಾಳೆ ನೋಡಿ ಕನ್ನಡಕ ತೆಗೆದ. "ಜನವರಿಯಲ್ಲಿ ಮೂರು ಬರೋದಿಲ್ಲ ಸುಲೋಚನಮ್ಮ. ನಿಮಗೆ ಕಣ್ಣು ಮಂಜಾಗಿದೆ. ಸೊನ್ನೆ ಮಾಡಿ."

"ಎರಡು ಹೆತ್ತವಳು ನಾನು ಸಾರ್. ಬಸುರಿ ಹೊಟ್ಟೆ ಗೊತ್ತಾಗಲ್ವ?"

"ಇದನ್ನ ಮೇಲಿನವರು ನೋಡಿದ್ರೆ ನಮ್ಮ ಇಡೀ ಹತ್ತು ವರ್ಷದ ಕೆಲಸಾನೇ ನಂಬೋದಿಲ್ಲ." ಅವನು ಕೆಟ್ಟವನೇನೂ ಅಲ್ಲ, ಹೆದರಿದವನು. ರಬ್ಬರು ತೆಗೆದು ತಾನೇ ಉಜ್ಜಿ ಸೊನ್ನೆ ಬರೆದ. ಸುಲೋಚನಮ್ಮ ಅವನ ಜೇಬಿನಿಂದಲೇ ಪೆನ್ಸಿಲು ತೆಗೆದುಕೊಂಡು ಆ ಸೊನ್ನೆಯ ಮೇಲೆ ಮೂರು ಎಂದು ತಿದ್ದಿದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ, ನಾಳೆಯಿಂದ ಬರುವುದು ಬೇಡ ಎಂದ.

"ನಾನೇ ಬರಲ್ಲ ಅಂತ ಬರ್ಕೊಳ್ಳಿ," ಎಂದಳು ಸುಲೋಚನಮ್ಮ. "ಅದನ್ನಾದ್ರೂ ಸರಿಯಾಗಿ ಬರೀರಿ."

ಅದೇ ಸಂಜೆ ವಾಸಪ್ಪ ಹಳ್ಳ ದಾಟಿ ಬಂದು ಜಗಲಿಯಲ್ಲಿ ಕೂತು ಬೈದ. ಹೋಗಿ ತಪ್ಪಾಯಿತು ಅನ್ನು ಎಂದ. ಒಂದು ಸೊನ್ನೆ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದ. ಹುಚ್ಚಿ ಎಂದ. ಸುಲೋಚನಮ್ಮ ಅವನಿಗೆ ಕಾಫಿ ಕೊಟ್ಟಳು.

"ಅದರ ಮೈ ಬಿಸಿ ನನ್ನ ಅಂಗೈಲಿತ್ತು ಅಣ್ಣಯ್ಯ. ಸೊನ್ನೆ ಹೆಂಗೆ ಬರೀಲಿ?"

ಆಮೇಲೆ ಅವಳು ಎಮ್ಮೆ ಕಟ್ಟಿ ಹಾಲು ಮಾರಿದಳು. ನಿಶ್ಚಿತಾಳ ಓದು ಪಿಯುಸಿಗೆ ನಿಂತಿತು. ಅವಳು ಬಾಳಗಡಿಯ ಜೆರಾಕ್ಸ್ ಅಂಗಡಿ ಸೇರಿದಳು. ಇದೆಲ್ಲಕ್ಕೂ ಆ ಮೂರು ಎಂಬ ಅಂಕಿಯೇ ಕಾರಣ ಎಂದು ವಾಸಪ್ಪ ನಾಲ್ಕು ವರ್ಷ ಕಂಡಕಂಡಲ್ಲಿ ಹೇಳಿಕೊಂಡು ತಿರುಗಿದ. ಸುಲೋಚನಮ್ಮ ಒಂದು ದಿನವೂ ಎದುರು ಹೇಳಲಿಲ್ಲ, ಒಂದು ದಿನವೂ ಒಪ್ಪಿಕೊಳ್ಳಲೂ ಇಲ್ಲ.

*

"ನೋಡೇಬಿಡುವ," ಎಂದಳು ನಿಶ್ಚಿತಾ.

ಅವಳು ಅರುಣನ ಬೈಕಿನ ಹತ್ತಿರ ಹೋಗಿ ಎಡಗಡೆಯ ಕನ್ನಡಿಯನ್ನು ತಿರುಪಿ ತಿರುಪಿ ಬಿಚ್ಚಿದಳು. ವೇಲನ್ನು ಸೊಂಟಕ್ಕೆ ಬಿಗಿದು, ಟಾರ್ಚ್ ಇದ್ದ ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ, ಅವಳು ಮರ ಹತ್ತತೊಡಗಿದಳು.

"ಅಯ್ಯೋ ದೇವರೇ," ಎಂದರು ಪಕ್ಕದ ಮನೆಯ ಜಲಜಮ್ಮ. "ಹೆಣ ಅಂಗಳದಲ್ಲಿ, ಮಗಳು ಮರದಲ್ಲಿ. ಇದನ್ನೂ ನೋಡಾಯ್ತು."

ಪೊಟರೆ ಎರಡಾಳೆತ್ತರದಲ್ಲಿ, ಕವಲಿನ ಸಂದಿಯಲ್ಲಿತ್ತು. ನಿಶ್ಚಿತಾ ಕನ್ನಡಿಯನ್ನು ಒಳಗೆ ಓರೆ ಹಿಡಿದು ಬೆಳಕು ಬಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಇಳಿದು ಬಂದಳು. ಅವಳ ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಇದೆ."

"ನೀನು ಇದೆ ಅಂತೀಯ, ನಿನ್ನ ಅಮ್ಮನೂ ಹಾಗೇ ಅಂತಿದ್ಲು," ಎಂದ ವಾಸಪ್ಪ. "ನಿನ್ನ ಮಾತು ನಾ ನಂಬಲ್ಲ."

"ನನ್ನ ನಂಬಬೇಡಿ ಮಾವ. ನೀವು ಯಾರನ್ನ ನಂಬ್ತೀರೋ ಅವರನ್ನ ಹತ್ತಿಸಿ. ಅವರೂ ಇಲ್ಲ ಅಂದ್ರೆ ನಾನೇ ಮೊದಲ ಏಟು ಹಾಕ್ತೀನಿ. ಇದೆ ಅಂದ್ರೆ ಈ ಮರಕ್ಕೆ ಯಾರೂ ಕೈ ಹಚ್ಚೋ ಹಂಗಿಲ್ಲ. ನೀವೂ ಅಷ್ಟೆ."

ವಾಸಪ್ಪನ ಎದುರು ಆ ಕೇರಿಯಲ್ಲಿ ಯಾರೂ ಹಾಗೆ ಮಾತಾಡಿದ್ದಿಲ್ಲ, ಅವಳ ಅಮ್ಮನೂ ಸೇರಿ. ವಾಸಪ್ಪ ಹೆಗಲ ಟವೆಲನ್ನು ಕೊಡವಿ ಮತ್ತೆ ಹಾಕಿಕೊಂಡ. ನಾಲ್ಕು ಜನರ ಮುಂದೆ ಹಿಂದೆ ಸರಿಯುವುದು ಅವನಿಗೂ ಬರುತ್ತಿರಲಿಲ್ಲ.

"ಹತ್ತು ರೇಣುಕಪ್ಪ."

ರೇಣುಕಪ್ಪ ಮರ ಕಡಿಯಲೆಂದೇ ಮರ ಹತ್ತಿದವನು, ಹಕ್ಕಿ ನೋಡಲೆಂದು ಹತ್ತಿದ್ದು ಅದೇ ಮೊದಲು. ಕನ್ನಡಿಯನ್ನು ಹೇಗೆ ಹಿಡಿಯಬೇಕೆಂದು ನಿಶ್ಚಿತಾ ಕೆಳಗಿನಿಂದ ಹೇಳಿಕೊಟ್ಟಳು. ಕಡೆಗೆ ಅವನ ಕೈ ನಿಂತಿತು. ಇಳಿದವನು ಕನ್ನಡಿಯನ್ನು ಅಂಗಿಯಿಂದ ಒರೆಸಿ ಅರುಣನ ಕೈಗೆ ಕೊಟ್ಟ.

"ಎಂತ ಕಂಡ್ತು?" ಎಂದ ವಾಸಪ್ಪ.

"ಇದಾಳೆ ಗೌಡ್ರೇ. ಕೂತಿದಾಳೆ. ಮುಖದ ಹತ್ರ ಬೆಳಕು ಬಿಟ್ರೂ ಅಲುಗಾಡ್ಲಿಲ್ಲ. ನನ್ನನ್ನೇ ನೋಡ್ತಿದ್ಲು."

"ಮೊಟ್ಟೆ?"

"ಒಂದು ಸಲ ಮೈ ಎತ್ತಿ ತಿರುಗಿದ್ಲು. ಆಗ ಕಂಡೆ. ಮೂರೋ ನಾಲ್ಕೋ ಇವೆ. ಒಂದು ಬಿರುಕು ಬಿಟ್ಟಿದೆ." ಅವನು ಮರದ ಬುಡ ನೋಡಿ ಹೇಳಿದ, "ನಾನು ಆವಾಗ ಬುಡಕ್ಕೆ ಬಡಿದ್ನಲ್ಲ, ಆಗ್ಲೂ ಕೂತೇ ಇದ್ಲು ನೋಡಿ. ನಾನಂತೂ ಇದನ್ನ ಕಡಿಯಲ್ಲ. ಬೇರೆ ಆಳು ನೋಡ್ಕೊಳ್ಳಿ."

ವಾಸಪ್ಪ ಅಂಗಳಕ್ಕೆ ನಡೆದ. ತಂಗಿಯ ತಲೆದೆಸೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ. ಸೀರೆಯ ಸೆರಗು ಗಾಳಿಗೆ ಸರಿದಿತ್ತು, ಅದನ್ನು ಎಳೆದು ಅವಳ ಕೈ ಮುಚ್ಚಲು ಹೋದವನು ಮುಚ್ಚದೆ ಆ ಕೈಯನ್ನೇ ಹಿಡಿದುಕೊಂಡ. ಸಾವಿನ ಸುದ್ದಿ ಬಂದಾಗಲೂ, ಹೆಣ ಇಳಿಸುವಾಗಲೂ ಅಳದ ಮನುಷ್ಯ ಈಗ ಬಾಯಿಬಿಟ್ಟು ಅತ್ತ.

"ನಾಲ್ಕು ವರ್ಷ ಹುಚ್ಚಿ ಅಂದ್ನಲ್ಲ ಸುಲೋಚನಾ," ಎಂದ. "ನೀನು ಒಂದು ಸಲನಾದ್ರೂ ನನ್ನ ಬೈಬಾರ್ದಿತ್ತಾ?"

ಹೆಂಗಸರು ಮುಖ ತಿರುಗಿಸಿಕೊಂಡರು. ಬಿಸಿಲು ಆಗಲೇ ಓರೆಯಾಗಿತ್ತು. ಕಾಫಿ ತೋಟದ ಸಿಲ್ವರ್ ಓಕ್ ಆದೀತೇ ಎಂದು ಒಬ್ಬರು, ಮಾಡಿನಿಂದ ಬಿಚ್ಚಿದ ಹಳೆಯ ಪಕಾಸಿ ಇದ್ದರೆ ಸಾಕು ಎಂದು ಇನ್ನೊಬ್ಬರು ಮೆಲ್ಲಗೆ ಮಾತಾಡತೊಡಗಿದರು. ಮಾವಿಲ್ಲದ ಚಿತೆಗೆ ಬೆಂಕಿ ಇಡಲು ಅರುಣನಿಗೆ ಮನಸ್ಸಿಲ್ಲ. ತಂಗಿಯನ್ನು ಇನ್ನೊಮ್ಮೆ ಕೇಳಲು ಧೈರ್ಯವೂ ಇಲ್ಲ.

ವಾಸಪ್ಪ ಮೂಗು ಒರೆಸಿಕೊಂಡು ಎದ್ದ.

"ಓಕ್ ಅಂತೆ ಓಕ್. ಅವಳೇನು ಎಸ್ಟೇಟಿನವಳಾ? ಸೀರೆ ತವರಿಂದ ಬಂದಿದೆ. ಮರಾನೂ ತವರಿಂದಲೇ ಬರ್ಲಿ. ಹಳ್ಳದಾಚೆ ಗದ್ದೆ ಅಂಚಲ್ಲಿ ನಂದೊಂದು ನಿಂತಿದೆಯಲ್ಲ, ಅದನ್ನ ಕಡೀರಿ."

ಆ ಮರವನ್ನು ವಾಸಪ್ಪ ತನಗೆಂದು ಹೇಳಿಟ್ಟು ಹನ್ನೆರಡು ವರ್ಷವಾಗಿತ್ತು. ಸಂಜೆ ಹೊತ್ತು ಅದರ ಬುಡದಲ್ಲಿ ಕೂತು ಎಲೆಯಡಿಕೆ ಹಾಕುವುದು ಅವನ ಅಭ್ಯಾಸ.

"ಮಾವ, ಅದು ನಿಮಗೆ ಅಂತ ಇಟ್ಟಿದ್ದು," ಎಂದ ಅರುಣ. "ಬೇರೆಯವರಿಗೆ ಕೊಟ್ರೆ... ಕೊಟ್ಟವರಿಗೆ..."

"ಎಂತ ಆಗ್ತದೆ? ಸಾಯ್ತೀನಾ? ಈ ವರ್ಷ ನಂಗೆ ಪುರಸೊತ್ತಿಲ್ಲ ಮಾರಾಯ. ನಡೀರಿ."

ಗಂಡಸರೆಲ್ಲ ಹಳ್ಳದ ಮೇಲಿನ ಸಂಕ ದಾಟಿ ಅವನ ಹಿಂದೆ ಹೋದರು. ನಿಶ್ಚಿತಾಳೂ ಹೋದಳು. ಹೆಣ್ಣು ಬರುವುದು ಬೇಡ ಎನ್ನುವ ಧೈರ್ಯ ಈಗ ಯಾರಿಗೂ ಇರಲಿಲ್ಲ. ರೇಣುಕಪ್ಪ ಸೊಂಟಕ್ಕೆ ಪಂಚೆ ಬಿಗಿದು ಕೊಡಲಿಗೆ ಕೈ ಚಾಚಿದ. ಅದನ್ನು ದಾರಿಯಲ್ಲೇ ವಾಸಪ್ಪ ಇಸಿದುಕೊಂಡಿದ್ದ.

"ತಡಿ," ಎಂದ ವಾಸಪ್ಪ. "ನಿಶ್ಚಿ, ನೀನು ಮೊದ್ಲು ಹತ್ತು."

ನಿಶ್ಚಿತಾ ಅವನ ಮುಖವನ್ನೊಮ್ಮೆ ನೋಡಿ ಮರ ಹತ್ತಿದಳು. ಕೆಳಗಿನ ಪೊಟರೆ ನೋಡಿದಳು, ನಡುಗವಲು ನೋಡಿದಳು, ತುದಿಯ ಒಣಕೊಂಬೆಯ ಸೀಳಿನಲ್ಲಿ ಕೈ ಹಾಕಿ ತಡವಿದಳು. ಹಳ್ಳದಾಚೆ ಹೆಂಗಸರು ಅಂಗಳದ ತುದಿಗೆ ಬಂದು ನಿಂತಿದ್ದರು. ಕೊಯ್ದ ಗದ್ದೆಯ ಕೂಳೆಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು.

"ಏನೂ ಇಲ್ಲ ಮಾವ. ಕಡೀಬಹುದು."

"ಇನ್ನೊಂದು ಸಲ ನೋಡು," ಎಂದ ವಾಸಪ್ಪ. "ಸರಿಯಾಗಿ ನೋಡು."

ಅವಳು ಮತ್ತೆ ಮೊದಲಿನಿಂದ ನೋಡತೊಡಗಿದಳು. ಮೂವತ್ತು ಗಂಡಸರು ಗದ್ದೆಯಂಚಿನಲ್ಲಿ ಕತ್ತೆತ್ತಿ ನಿಂತರು. ವಾಸಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ, ಕೊಡಲಿಯನ್ನು ಎರಡೂ ಕೈಯಿಂದ ಬೆನ್ನ ಹಿಂದೆ ಹಿಡಿದುಕೊಂಡು.