ಎದೆಮಟ್ಟದ ನೀರು

ಸುಚಿತ್ರಾ ಅಪ್ಪನ ಕಾಲು ತುಳಿದಳು. ತುಳಿಯುವುದು ಒಂದು ಗಳಿಗೆ ತಡವಾಯಿತು.

"ಎದೆಮಟ್ಟ!" ಎಂದು ಚೆಲುವಯ್ಯ ಆಗಲೇ ಅಂಗೈಯಿಂದ ಎದೆಯನ್ನು ಫಟ್ಟೆಂದು ತಟ್ಟಿಕೊಂಡಾಗಿತ್ತು. "ಇಲ್ಲೀಗಂಟ ಬಂದಿತ್ತು ಸಾ ನೀರು. ನಾನೇ ನಿಂತು ನೋಡಿವ್ನಿ. ಏನು ಕೆರೆ ಅಂದ್ಕೊಂಡ್ರಿ ಇದನ್ನ?"

ಮನೆಯ ನಕ್ಷೆಗಾಗಿ ಸ್ಥಳ ಪರಿಶೀಲನೆಗೆ ಬಂದಿದ್ದ ಕಿರಿಯ ಎಂಜಿನಿಯರ್ ನಿಶಾಂತ್ ಬೈಕಿನ ಸೀಟಿನ ಮೇಲೆ ಫೈಲು ಇಟ್ಟುಕೊಂಡು ಬರೆಯುತ್ತಿದ್ದ. ಅವನ ಪೆನ್ನು ನಿಂತಿತು.

"ಎದೆಮಟ್ಟ ಅಂದ್ರೆ ನಾಲ್ಕು ಅಡಿ ಅಂತ ಹಾಕ್ಕೊಳ್ಳಲಾ ತಾತ?"

"ನಾಕಡಿ ಆಯ್ತದೆ. ಕಮ್ಮಿ ಇಲ್ಲ."

"ಸರ್, ಅಪ್ಪಂಗೆ ಎಪ್ಪತ್ತಾರು ವರ್ಷ," ಎಂದು ಸುಚಿತ್ರಾ ಬಾಯಿ ಹಾಕಿದಳು. "ಯಾವತ್ತಿಂದೋ ಹೇಳ್ತಾವ್ರೆ."

"ಯಾವತ್ತಿಂದೋ ಯಾಕೆ? ನೀನು ನಿಮ್ಮವ್ವನ ಹೊಟ್ಟೇಲಿದ್ದೆ. ಕೋಡಿ ಬಿದ್ದು ಮೂರು ದಿನ ಹರೀತು. ಊರೋರೆಲ್ಲ ಬಂದು ಬಾಗಿನ ಬುಟ್ರು. ಮರ್ತೋಗಾಕೆ ಅದೇನು ಸಂತೇಲಿ ಕಳ್ಕೊಂಡ ಟವಲ್ಲಾ?"

ನಿಶಾಂತ್ ನಕ್ಕ. ನಕ್ಕುಕೊಂಡೇ 'ನಾಲ್ಕು ಅಡಿ' ಎಂದು ಬರೆದ. ಕೆಳಗೆ ಸಹಿ ಹಾಕಿದ. ಚಾಮುಂಡಿ ಬೆಟ್ಟದ ಕಡೆಯಿಂದ ಬೀಸಿದ ಗಾಳಿಗೆ ಹಾಳೆ ಪಟಪಟ ಎಂದಿತು. ಅದು ಹಾರಿಹೋಗಿ ಕೆರೆಗೆ ಬೀಳಬಾರದೇ ಎಂದು ಸುಚಿತ್ರಾ ಒಂದು ಕ್ಷಣ ಮನಸಾರೆ ಹಾರೈಸಿದಳು. ಬೀಳಲಿಲ್ಲ.

ಚಿಕ್ಕಮ್ಮನಕಟ್ಟೆ ಈಗ ಮೈಸೂರಿನ ಒಳಗೇ ಬಂದುಬಿಟ್ಟಿರುವ ಕೆರೆ. ಒಂದು ಕಾಲಕ್ಕೆ ಅದರ ಕೆಳಗೆ ಗದ್ದೆಗಳಿದ್ದವು, ಆ ಗದ್ದೆಗಳಿಗೆ ಚೆಲುವಯ್ಯ ನೀರುಗಂಟಿ. ಕೆರೆಯ ತೂಬು ಎತ್ತುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಗದ್ದೆಗಳು ಬಡಾವಣೆಯಾದವು. ತೂಬು ತುಕ್ಕು ಹಿಡಿಯಿತು. ಉಳಿದದ್ದು ಕೆರೆಯ ಅಂಚಿನಲ್ಲಿ, ಕೋಡಿಯ ನೀರು ಹರಿಯುವ ಕಾಲುವೆಯ ಪಕ್ಕ, ನೀರುಗಂಟಿಕೆಗೆಂದು ಅವನ ತಾತನಿಗೆ ಸಿಕ್ಕಿದ್ದ ಒಂದು ತುಂಡು ನೆಲ. ಅದನ್ನು ಚೆಲುವಯ್ಯ ಹೋದ ವರ್ಷ ಮಗಳ ಹೆಸರಿಗೆ ಬರೆದಿದ್ದ. ಕೆರೆಯಿಂದ ಬಿಡಬೇಕಾದಷ್ಟು, ಕಾಲುವೆಯಿಂದ ಬಿಡಬೇಕಾದಷ್ಟು ಬಿಟ್ಟು ಸರ್ವೆಯವರು ಕಲ್ಲು ನೆಟ್ಟು ಹೋದ ಮೇಲೆ, ಮನೆಗೆ ಅಂತ ದಕ್ಕಿದ್ದು ಹದಿನೆಂಟಕ್ಕೆ ಇಪ್ಪತ್ತೆರಡು ಅಡಿ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಬಳಿ ಹೊಲಿಗೆ ಮೆಷಿನ್ನು. ಸುಚಿತ್ರಾಗೆ ಅಷ್ಟು ಸಾಕಾಗಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಅವಳ ಟೈಲರಿಂಗ್ ಅಂಗಡಿಯ ಹಿಂದೆ ಅಪ್ಪ ಮಗಳು ಇದ್ದದ್ದು ಏಳನೆಯ ಬಾಡಿಗೆ ಮನೆ. ಎಂಟನೆಯದಕ್ಕೆ ಅಪ್ಪನ ಟ್ರಂಕು ಹೊತ್ತುಕೊಂಡು ಹೋಗುವುದು ಅವಳಿಗೆ ಬೇಡವಾಗಿತ್ತು.

ಆದರೆ ನೀರುಗಂಟಿಯ ಹತ್ತಿರ ಹೋಗಿ 'ಇಲ್ಲಿಗೆ ನೀರು ಬಂದಿತ್ತಾ' ಎಂದು ಕೇಳುವುದೆಂದರೆ, ತಂದೆಯ ಹತ್ತಿರ ಹೋಗಿ 'ಮಗಳು ಪಾಸಾದಳಾ' ಎಂದು ಕೇಳಿದ ಹಾಗೆ. ಫಸ್ಟ್ ಕ್ಲಾಸು ಎನ್ನದೆ ಅವನು ಇನ್ನೇನು ಎಂದಾನು?

*

ನಕ್ಷೆ ಮಂಜೂರು ಮಾಡುವ ಕಚೇರಿಯಲ್ಲಿ ಸಹಾಯಕ ನಿರ್ದೇಶಕಿ ರಂಜನಿ ಫೈಲನ್ನು ಎರಡು ಸಲ ಓದಿದರು. ಕೆಟ್ಟವರಲ್ಲ. ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದ್ದರು.

"ನೋಡಿ, ನಾಲ್ಕು ಅಡಿ ನೀರು ನಿಲ್ಲೋ ಕಡೆ ಮನೆ ಕಟ್ಟಿ ಅಂತ ನಾನು ಸಹಿ ಹಾಕಲ್ಲ. ನಾಳೆ ನೀವು ಒಳಗೆ ಮಲಗಿರ್ತೀರಿ, ನಾನು ನನ್ನ ಮನೇಲಿ ಮಲಗಿರ್ತೀನಿ. ನಂಗೆ ನಿದ್ದೆ ಬರಬೇಕಲ್ವಾ?"

"ಮೇಡಂ, ಮೂರು ವರ್ಷದ ಹಿಂದೆ ಅಷ್ಟು ಮಳೆ ಬಂತಲ್ಲ, ಆಗ್ಲೂ ಹಿಮ್ಮಡಿ ನೆನೆಯೋಷ್ಟೇ ಬಂದಿದ್ದು."

"ಹಾಗಾದ್ರೆ ನಿಮ್ಮ ತಂದೆ ಹೇಳಿದ್ದು ಸುಳ್ಳಾ?"

ಸುಚಿತ್ರಾ ಬಾಯಿ ತೆರೆದಳು. ಹೌದು ಎನ್ನಲು ನಾಲಿಗೆ ಏಳಲಿಲ್ಲ. ಇಲ್ಲ ಎಂದರೆ ಮನೆ ಏಳುವುದಿಲ್ಲ.

ಹೊರಗೆ ಅವಳ ನಕ್ಷೆ ಬರೆದುಕೊಟ್ಟಿದ್ದ ರುದ್ರಸ್ವಾಮಿ ಕಾಯುತ್ತಿದ್ದ. ಕಿವಿಯಲ್ಲಿ ಪೆನ್ಸಿಲ್ಲು, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಸುದ್ದಿ ಕೇಳಿ ಹಣೆ ಚಚ್ಚಿಕೊಂಡ.

"ಅಲ್ಲ ಕಣಮ್ಮ, ಪರಿಶೀಲನೆ ದಿನ ಯಜಮಾನ್ರನ್ನ ಬೆಟ್ಟಕ್ಕೆ ಕಳ್ಸಬಾರ್ದಾಗಿತ್ತಾ? ತಾಯಿ ದರ್ಶನಾನೂ ಆಗ್ತಿತ್ತು, ನಮ್ಮ ಕೆಲ್ಸಾನೂ ಆಗ್ತಿತ್ತು."

ಆ ದಿನ ಸಂಜೆ ಅಪ್ಪ ಮಗಳ ನಡುವೆ ಮಾತು ಹತ್ತಿತು.

"ನಾನು ಸುಳ್ಳು ಹೇಳು ಅಂದ್ನಾ ನಿಂಗೆ? ಸುಮ್ನಿರು ಅಂದೆ. ಸುಮ್ನಿರೋದು ಅಷ್ಟು ಕಷ್ಟವಾ?"

"ಅವ್ನು ಕೇಳ್ದ ಕಣವ್ವ."

"ಕೇಳಿದ್ರೆ? ಒಂಚೂರು ಬಂದಿತ್ತು ಅನ್ನು. ಎದೆ ಯಾಕೆ ತಟ್ಕೋಬೇಕು?"

ಚೆಲುವಯ್ಯ ಸಾರಿನಲ್ಲಿ ಮುದ್ದೆ ಹೊರಳಿಸಿದ. ಆಮೇಲೆ, "ಅಷ್ಟು ತುಂಬಿದ್ ಕೆರೇನ ಒಂಚೂರು ಅಂದ್ರೆ ಎಂಗವ್ವ?" ಎಂದ. ಅದು ವಾದವಾಗಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ, ಹೇಗೆ ಅನ್ನಬೇಕೆಂದು.

ಸುಚಿತ್ರಾ ತಟ್ಟೆ ಎತ್ತಿಕೊಂಡು ಎದ್ದಳು. ನಾಲ್ಕು ದಿನ ಅಪ್ಪನ ಹತ್ತಿರ ಅವಳ ಮಾತು ಕಾಫಿ, ಊಟ, ಮಾತ್ರೆ, ಇಷ್ಟಕ್ಕೇ ನಿಂತಿತು.

*

ಐದನೆಯ ದಿನ ಯಾದವಗಿರಿಯ ಶುಭಾ ಮೇಡಂ ಲಂಗವೊಂದನ್ನು ಕೌಂಟರಿನ ಮೇಲೆ ಹರಡಿದರು. ಮಗಳ ಮದುವೆಯ ಆರತಕ್ಷತೆಗೆ ಹೊಲಿಸಿದ್ದು.

"ಮೂರು ಇಂಚು ಉದ್ದ ಬಂದಿದೆ ಸುಚಿತ್ರಾ. ನೆಲ ಗುಡಿಸ್ತಾ ಹೋಗ್ತಾಳೆ ನನ್ನ ಮಗಳು."

"ನೀವು ಫೋನಲ್ಲಿ ಕಳ್ಸಿದ ಅಳತೆ ಮೇಡಂ. ನಲವತ್ತೆರಡು. ನೋಡಿ, ಇಲ್ಲೇ ಇದೆ."

"ಅಳತೆ ಸರಿಯಾಗೇ ತೆಗ್ದಿದ್ದೀನಿ ಕಣೆ. ಸೊಂಟದಿಂದ ನೆಲದವರೆಗೆ."

"ನಿಂತಿದ್ದು ಎಲ್ಲಿ?"

"ಎಲ್ಲಿ ಅಂದ್ರೆ? ಹಾಲಲ್ಲಿ."

"ಅಲ್ಲ ಮೇಡಂ, ಕಾಲಿಗೆ ಏನು ಹಾಕಿದ್ರು?"

ಶುಭಾ ಮೇಡಂ ನಾಲಿಗೆ ಕಚ್ಚಿಕೊಂಡರು. ಹುಡುಗಿ ಹೊಸ ಎತ್ತರದ ಚಪ್ಪಲಿ ಹಾಕಿ ನೋಡುತ್ತಿದ್ದಳಂತೆ, ಹಾಗೇ ನಿಲ್ಲಿಸಿ ಅಳೆದರಂತೆ. ಆರತಕ್ಷತೆಗೆ ಹಾಕುವುದು ಮಾತ್ರ ಚಪ್ಪಟೆ ಚಪ್ಪಲಿ.

ಸುಚಿತ್ರಾಳ ಹದಿನೆಂಟು ವರ್ಷದ ಕಸುಬಿನಲ್ಲಿ ಇದು ಹೊಸದೇನಲ್ಲ. ಟೇಪು ಎಂದೂ ಸುಳ್ಳು ಹೇಳುವುದಿಲ್ಲ, ಎಲ್ಲಿಂದ ಹಿಡಿದಿರಿ ಎಂಬುದನ್ನು ನೀವು ಹೇಳುವುದಿಲ್ಲ, ಅಷ್ಟೇ. ಮಡಿಕೆಗೆ ಗುರುತು ಹಾಕಲು ಬಳಪ ತೆಗೆದುಕೊಂಡವಳ ಕೈ ಲಂಗದ ಮೇಲೆ ನಿಂತುಬಿಟ್ಟಿತು.

"ಮೇಡಂ, ನಾಳೆ ಕೊಡ್ಲಾ?"

"ಯಾಕೆ, ಏನಾಯ್ತು?"

ಅವಳು ಆಗಲೇ ಒಳಬಾಗಿಲು ತಳ್ಳಿದ್ದಳು. ಚೆಲುವಯ್ಯ ಮಂಚದ ಮೇಲೆ ಕೂತು ರೇಡಿಯೋ ತಿರುಗಿಸುತ್ತಿದ್ದ.

"ಅಪ್ಪ, ಎದೆಮಟ್ಟ ಅಂದ್ಯಲ್ಲ, ನೀನು ನಿಂತಿದ್ದು ಎಲ್ಲಿ?"

ನಾಲ್ಕು ದಿನದ ಮೇಲೆ ಮಗಳು ಪೂರ್ತಿ ವಾಕ್ಯವೊಂದನ್ನು ಆಡಿದ್ದಕ್ಕೆ ಅವನಿಗೆ ಮೊದಲು ಖುಷಿಯಾಯಿತು. ಆಮೇಲೆ ಪ್ರಶ್ನೆ ಅರ್ಥವಾಗಿ, ಇವಳಿಗೆ ಇಷ್ಟೂ ತಿಳಿಯದೇ ಎನ್ನುವಂತೆ ನೋಡಿದ.

"ಕಾಲ್ವೇಲಿ ಕಣವ್ವ. ಇನ್ನೆಲ್ಲಿ? ನೀರುಗಂಟಿ ನೀರು ನೋಡೋದು ಕಾಲ್ವೆ ತಳದ ಹಾಸುಗಲ್ಲಿನ ಮ್ಯಾಲೆ ನಿಂತು. ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳಿದಿದ್ದೆ. ದಡದ್ ಮ್ಯಾಲೆ ನಿಂತ್ಕೊಂಡು ನೋಡೋನು ಸಾವ್ಕಾರ."

ಸುಚಿತ್ರಾ ಬಾಗಿಲ ಚೌಕಟ್ಟಿಗೆ ಒರಗಿ ನಗತೊಡಗಿದಳು. ನಿಲ್ಲಿಸಲು ಆಗಲಿಲ್ಲ. ಹೊರಗಿನಿಂದ ಶುಭಾ ಮೇಡಂ "ಸುಚಿತ್ರಾ, ಹುಷಾರಾಗಿದ್ದೀಯ ತಾನೇ?" ಎಂದು ಕೂಗಿದರು.

*

ನಿಶಾಂತ್‌ಗೆ ಎರಡನೆಯ ಸಲ ಬರಲು ಮನಸ್ಸಿರಲಿಲ್ಲ. ಬಂದದ್ದು, ಫೋನಿನಲ್ಲಿ ಅವಳು "ಸರ್, ನಿಮ್ಮ ವರದಿ ತಪ್ಪಿಲ್ಲ, ನೀವು ಬರ್ದಿದ್ದು ಬೇರೆ ಜಾಗದ ನಾಲ್ಕು ಅಡಿ," ಎಂದು ಹೇಳಿದ್ದು ಅವನ ತಲೆಯೊಳಗೆ ಸೊಳ್ಳೆಯ ಹಾಗೆ ಗುಂಯ್ಗುಟ್ಟಿದ್ದರಿಂದ.

ಕಾಲುವೆಯಲ್ಲಿ ಈಗ ಹೂಳು, ಪ್ಲಾಸ್ಟಿಕ್ಕು, ಯಾರೋ ಬಿಟ್ಟುಹೋದ ಒಂದು ಹೆಲ್ಮೆಟ್ಟು. ಚೆಲುವಯ್ಯ ದಡದಲ್ಲಿ ನಾಲ್ಕು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ನಡೆದು, ಕೋಲಿನ ತುದಿಯಿಂದ ತೋರಿಸಿದ. "ಇಲ್ಲಿ ಅಗೀರಿ. ಹಾಸುಗಲ್ಲು ಇಲ್ಲೇ ಇರೋದು."

ಸುಚಿತ್ರಾ ಸೀರೆ ಎತ್ತಿ ಕಟ್ಟಿ ಸನಿಕೆ ಹಿಡಿದಳು. ಸ್ವಲ್ಪ ಹೊತ್ತು ನೋಡುತ್ತ ನಿಂತ ನಿಶಾಂತ್ ಕೊನೆಗೆ ಬೂಟು ಕಳಚಿ, ಪ್ಯಾಂಟು ಮಡಿಚಿ, "ಕೊಡಿ ಇಲ್ಲಿ," ಎಂದ. ಮೊಣಕೈ ಆಳ ಹೂಳಿನ ಕೆಳಗೆ ಸನಿಕೆ ಟಣ್ ಎಂದಿತು.

"ಹೇಳ್ನಿಲ್ವಾ?" ಎಂದ ಚೆಲುವಯ್ಯ, ಯಾರಿಗೂ ಅಲ್ಲದಂತೆ.

ಮನೆ ಕಟ್ಟುವ ನೆಲದಿಂದ ಕೆಳಗೆ ಹಾಸುಗಲ್ಲಿಗೆ ಮೂವತ್ತೆರಡು ಇಂಚು. ಆಮೇಲೆ ಸುಚಿತ್ರಾ ಕೊರಳಿನ ಟೇಪು ತೆಗೆದು ಅಪ್ಪನನ್ನು ಬರಿಗಾಲಲ್ಲಿ ನಿಲ್ಲಿಸಿದಳು. ಗಿರಾಕಿಗೆ ಹೇಳುವಂತೆಯೇ ಹೇಳಿದಳು: "ನೆಟ್ಟಗೆ ನಿಂತ್ಕೊ. ಉಸಿರು ಬಿಗಿ ಹಿಡೀಬೇಡ." ಹಿಮ್ಮಡಿಯಿಂದ ಅವನು ತಟ್ಟಿಕೊಂಡಿದ್ದ ಎದೆಯ ಜಾಗಕ್ಕೆ ನಲವತ್ತಾರು.

"ನಲವತ್ತಾರರಲ್ಲಿ ಮೂವತ್ತೆರಡು ಕಳೀರಿ ಸರ್."

"ಹದಿನಾಲ್ಕು," ಎಂದ ನಿಶಾಂತ್. "ಹದಿನಾಲ್ಕು ಇಂಚು. ಮೊಣಕಾಲಿಗಿಂತ ಕೆಳಗೆ."

"ಆಗ ಒಂದೆರಡು ಇಂಚು ಉದ್ದ ಇದ್ದೆ ಸಾ," ಎಂದ ಚೆಲುವಯ್ಯ. "ವಯಸ್ಸಾದ್ ಮ್ಯಾಲೆ ನಾನೂ ಹೂಳು ತುಂಬ್ಕೊಂಡಿವ್ನಿ."

ನಿಶಾಂತ್ ಆದರೂ ಎಂಜಿನಿಯರು. ಮುದುಕನೊಬ್ಬನ ಎದೆಯನ್ನು ನಂಬಿ ವರದಿ ಬರೆಯಲಾರ. ಮಟ್ಟ ನೋಡುವ ಯಂತ್ರವನ್ನು ಮುಕ್ಕಾಲಿಯ ಮೇಲೆ ಇಟ್ಟು, ಕೆರೆ ತುಂಬಿದಾಗ ನೀರು ಹೊರಬೀಳುವ ಕೋಡಿಯ ಕಲ್ಲಿನ ಎತ್ತರ ಹಿಡಿದ. ಆ ಕಲ್ಲಿನ ಮೇಲೆ ನೀರು ಎಷ್ಟು ದಪ್ಪ ಹರಿಯುತ್ತಿತ್ತು ಎಂದು ಕೇಳಿದ. "ಒಂದು ಗೇಣು," ಎಂದ ಚೆಲುವಯ್ಯ. ನಿಶಾಂತ್ ಗೇಣನ್ನೂ ಅಳೆದುಕೊಂಡ. ಲೆಕ್ಕ ಮಾಡಿದ, ಅಳಿಸಿ ಇನ್ನೊಮ್ಮೆ ಮಾಡಿದ. ಯಂತ್ರ ಹೇಳಿದ್ದು ಹದಿನಾರು ಇಂಚು.

"ತಾತ, ನಿಮಗೂ ಯಂತ್ರಕ್ಕೂ ಎರಡೇ ಇಂಚು ವ್ಯತ್ಯಾಸ."

"ಉದ್ದ ಇದ್ದೆ ಅಂತ ಹೇಳ್ನಿಲ್ವಾ?"

ಸುಚಿತ್ರಾ ಅಪ್ಪನ ಕಡೆ ನೋಡಿದಳು. ಅವನು ಮಾತ್ರ ಎಂದಿನಂತೆ ಕೆರೆಯ ಕಡೆ ನೋಡುತ್ತಿದ್ದ. ಇಷ್ಟು ದಿನ ಜಂಬ ಎಂದುಕೊಂಡದ್ದು ಜಂಬವಾಗಿರಲಿಲ್ಲ, ಅಳತೆಯಾಗಿತ್ತು. ಕ್ಷಮೆ ಕೇಳುವುದು ಆ ಮನೆಯ ರೂಢಿಯಲ್ಲಿ ಇರಲಿಲ್ಲ. ಕಾಲುವೆಯಿಂದ ಹತ್ತುವಾಗ ಅವನು ಚಾಚಿದ ಕೈ ಹಿಡಿದುಕೊಂಡಳು, ದಡ ಸೇರಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

*

ಹೊಸ ವರದಿಯ ಜೊತೆ ಹೊಸ ನಕ್ಷೆ ಹೋಯಿತು. ಐದು ಅಡಿ ಎತ್ತರದ ಕಂಬಗಳ ಮೇಲೆ ಮನೆ, ಕೆಳಗೆ ನೀರು ಬಂದು ಹೋಗಲು ಖಾಲಿ ಜಾಗ, ಹತ್ತಲು ಹತ್ತು ಮೆಟ್ಟಿಲು. ರಂಜನಿ ಮೇಡಂ ವರದಿಯಲ್ಲಿ 'ಅರ್ಜಿದಾರರ ತಂದೆಯವರ ಎದೆಯ ಎತ್ತರ' ಎಂಬ ಸಾಲಿಗೆ ಬಂದಾಗ ತಲೆಯೆತ್ತಿದರು.

"ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಇಂಥ ಅಳತೆ ನೋಡಿರಲಿಲ್ಲ," ಎಂದರು. "ಶುಕ್ರವಾರದ ಸಭೆಗೆ ಇಡ್ತೀನಿ. ಇನ್ನಿಬ್ಬರು ಒಪ್ಪಬೇಕು. ಆಗೇ ಆಗತ್ತೆ ಅಂತ ಹೇಳಲ್ಲ. ಆದ್ರೆ ನಾನು ಕೊಡಬಹುದು ಅಂತ ಬರೀತೀನಿ."

ಸುಚಿತ್ರಾ ಕೈ ಮುಗಿದು ಹೊರಗೆ ಬಂದಳು. ಒಳಗೆ ಏನೋ ಹಗುರವಾಗಿತ್ತು. ಕಿಟಕಿಗೆ ಯಾವ ಬಣ್ಣದ ಪರದೆ ಎಂದು ಮನಸ್ಸು ಆಗಲೇ ಬಟ್ಟೆ ಹುಡುಕತೊಡಗಿತ್ತು.

ಮೊಗಸಾಲೆಯಲ್ಲಿ ರುದ್ರಸ್ವಾಮಿ ಅವಳನ್ನು ಪಕ್ಕಕ್ಕೆ ಕರೆದ. ಅವನ ಮುಖದಲ್ಲಿ ಒಳ್ಳೆಯದು ಮಾಡುವವನ ಹೊಳಪಿತ್ತು.

"ಕೇಳಮ್ಮ. ಸಭೆಗಿಭೆ ಯಾಕೆ? ಒಬ್ಬ ಬೇಡ ಅಂದ್ರೆ ಮತ್ತೆ ಆರು ತಿಂಗಳು. ಹಳೇ ವರದಿ ಹೇಗೂ ರದ್ದಾಯ್ತು. ಈ ಅರ್ಜಿ ವಾಪಸ್ ತಗೊಂಡು ಹೊಸದು ಹಾಕೋಣ. ಜೊತೆಗೆ ಇದೊಂದು ಪ್ರಮಾಣಪತ್ರ. ಮಾಮೂಲಿ ಸೈಟುಗಳ ಪಟ್ಟೀಲಿ ಹೋಗತ್ತೆ, ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಈ ವಾರದಲ್ಲೇ ನಿಮ್ಮ ಕೈಗೆ."

ಅವನು ಹಾಳೆ ಚಾಚಿದ. ಟೈಪು ಮಾಡಿ ತಂದೇಬಿಟ್ಟಿದ್ದ. 'ಸದರಿ ನಿವೇಶನಕ್ಕೆ ಈವರೆಗೆ ಯಾವುದೇ ಕಾಲದಲ್ಲಿ ಕೆರೆಯ ನೀರು ಬಂದಿರುವುದಿಲ್ಲ ಎಂದು ಪ್ರಮಾಣೀಕರಿಸುತ್ತೇನೆ.' ಕೆಳಗೆ ಅವಳ ಹೆಸರು, ಸಹಿಗೆ ಚುಕ್ಕಿಗಳ ಸಾಲು.

"ಕಂಬದ ಖರ್ಚೂ ಇಲ್ಲ, ಮೆಟ್ಟಿಲೂ ಬೇಡ," ಎಂದು ರುದ್ರಸ್ವಾಮಿ ದನಿ ತಗ್ಗಿಸಿದ. "ನೋಡಿ ಅಲ್ಲಿ, ನಿಮ್ಮಪ್ಪನ್ನ. ಹತ್ತು ಮೆಟ್ಟಿಲು ದಿನಾ ಹತ್ತಿ ಇಳೀತಾರಾ? ನೆಲದ ಮೇಲೇ ಮನೆ ಆದ್ರೆ ಅಂಗಳದಿಂದ ಸೀದಾ ಒಳಗೆ. ಅವರಿಗೋಸ್ಕರನಾದ್ರೂ ಹಾಕಿ."

ಚೆಲುವಯ್ಯ ಗೋಡೆಬದಿಯ ಬೆಂಚಿನಲ್ಲಿ ಕೂತು ಎರಡೂ ಕೈಯಿಂದ ಮಂಡಿ ತೀಡಿಕೊಳ್ಳುತ್ತ, ಪಕ್ಕದವನಿಗೆ ಕೆರೆಯ ಬಗ್ಗೆಯೇ ಏನೋ ಹೇಳುತ್ತಿದ್ದ. ಪಕ್ಕದವನು ತೂಕಡಿಸುತ್ತಿದ್ದ.

ಸುಚಿತ್ರಾ ಆ ಒಂದು ಸಾಲನ್ನು ಮತ್ತೆ ಓದಿದಳು. ಯಾವುದೇ ಕಾಲದಲ್ಲಿ. ನೆಲಮಟ್ಟದ ಅಡುಗೆಮನೆಯಲ್ಲಿ ಹದಿನಾರು ಇಂಚು ಎಂದರೆ ಎಲ್ಲಿಗೆ ಬರುತ್ತದೆಂದು ಅವಳ ಕಣ್ಣು ತಾನಾಗಿ ಅಳೆಯಿತು: ಕೆಳಗಿನ ಡಬ್ಬಿಗಳು, ಸಿಲಿಂಡರಿನ ಅರ್ಧ, ಅಪ್ಪನ ಮಂಚದ ಹಲಗೆ. ಅವಳು ಹಾಳೆಯನ್ನು ಬಂದ ಮಡಿಕೆಯಲ್ಲೇ ಮಡಿಚಿದಳು.

"ಯೋಚ್ನೆ ಮಾಡಿ," ಎಂದ ರುದ್ರಸ್ವಾಮಿ. "ಅವಸರ ಏನಿಲ್ಲ. ಸಂಜೆ ಹೇಳಿ."

"ಸಂಜೆ ಯಾಕೆ?" ಎಂದು ಅವಳು ಕಾಗದವನ್ನು ಅವನ ಕೈಗೆ ವಾಪಸ್ಸು ಇಟ್ಟಳು. "ಬೇಡ ಕಣ್ರೀ. ನಾನು ಸಹಿ ಹಾಕಲ್ಲ."