ನಿಡಗುಂದಿಯ ಮಜ್ಜಿಗೆ

ಮುದ್ದೇಬಿಹಾಳದ ಲಾಡ್ಜಿನ ಮೆಟ್ಟಿಲು ಇಳಿಯುವಾಗ ಮಾಳಿಂಗ ಗೋಡೆ ಹಿಡಿದುಕೊಂಡ. ಹತ್ತುವಾಗ ಸುಮ್ಮನಿರುವ ಮೊಣಕಾಲು ಇಳಿಯುವಾಗ ಮಾತಾಡುತ್ತದೆ. ವಯಸ್ಸಾದ ಸೈಕಲ್ ಸವಾರರಿಗೆಲ್ಲ ಇದು ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೇ. ಬಿಟ್ಟರೆ ಮರುದಿನವೇ ಹಾರ ಹಾಕಿ, ಶಾಲು ಹೊದಿಸಿ, ಕೈಯಲ್ಲೊಂದು ಗೋಡೆ ಗಡಿಯಾರ ಇಟ್ಟು ಮನೆಗೆ ಕಳಿಸಿಬಿಡುತ್ತಾರೆ.

ರೇಸಿನ ಕೊನೆಯ ದಿನ ಅದು. ಮೊದಲ ದಿನ ಝಳಕಿಯಿಂದ ಹೊರಟು ಇಂಡಿ ಹಾದು ಸಿಂದಗಿ ಮುಟ್ಟಿದ್ದರು. ಎರಡನೆಯ ದಿನ ಸಿಂದಗಿಯಿಂದ ಮುದ್ದೇಬಿಹಾಳ. ಇವತ್ತು ನಿಡಗುಂದಿಯ ಮೇಲೆ ಹಾದು ಬಸವನ ಬಾಗೇವಾಡಿ ತಲುಪಿದರೆ ಮುಗಿಯಿತು. ಎಲ್ಲ ದಿನಗಳ ಹೊತ್ತು ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದ. ಅಲ್ಲಿಯ ತನಕ ಯಾರು ಮುಂದಿದ್ದಾನೋ ಅವನ ಮೈಮೇಲೆ ಹಳದಿ ಅಂಗಿ. ಇಂಥ ರೇಸನ್ನು ಆಷಾಢದಲ್ಲಿ ಇಟ್ಟ ಪುಣ್ಯಾತ್ಮರು ಯಾರೋ, ಅವರು ಜನ್ಮದಲ್ಲಿ ಸೈಕಲ್ ತುಳಿದವರಲ್ಲ. ಆಷಾಢದ ಗಾಳಿ ನಮ್ಮ ಕಡೆ ನಿಲ್ಲಿಸಿಟ್ಟ ಮೋಟಾರ್‌ಸೈಕಲ್ಲನ್ನೇ ಮಲಗಿಸುತ್ತದೆ, ಇನ್ನು ಹಗ್ಗದ ಹಾಗೆ ಸವೆದ ಮನುಷ್ಯರ ಗತಿ ಏನು.

ಆದರೆ ಗಾಳಿಯೇ ಮಾಳಿಂಗನ ಅನ್ನ. ಮುಂದೆ ಹೋಗುವವನು ಗಾಳಿಯನ್ನು ಎದೆಗೆ ತಗೊಂಡರೆ, ಅವನ ಬೆನ್ನ ಮರೆಯಲ್ಲಿ ಬರುವವನಿಗೆ ಅರ್ಧ ಶ್ರಮ ಉಳಿಯುತ್ತದೆ. ಒಂದು ಅಡುಗೆ ಎಣ್ಣೆ ಕಂಪನಿಯ ತಂಡಕ್ಕೆ ಅವನು ಕ್ಯಾಪ್ಟನ್. ಕ್ಯಾಪ್ಟನ್ ಬೇರೆ, ಲೀಡರ್ ಬೇರೆ. ಲೀಡರ್ ಗೆಲ್ಲುವವನು, ಕ್ಯಾಪ್ಟನ್ ಎಂದರೆ ರಸ್ತೆಯ ಮೇಲೆ ಹುಡುಗರಿಗೆ ಯಾರು ಯಾವಾಗ ಮುಂದೆ ಬರಬೇಕು ಎಂದು ಹೇಳುತ್ತ, ತಾನೇ ಎಲ್ಲರಿಗಿಂತ ಹೆಚ್ಚು ಗಾಳಿ ಕುಡಿದು, ಕೊನೆಗೆ ಫೋಟೊದಲ್ಲಿ ಇಲ್ಲದವನು. ಮಾಳಿಂಗ ಇಷ್ಟು ವರ್ಷ ಎಷ್ಟೋ ಲೀಡರುಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಗೆಲ್ಲಿಸಿದ್ದ. ತಾನು ಒಮ್ಮೆಯೂ ಗೆದ್ದಿರಲಿಲ್ಲ. ಅದರ ಬಗ್ಗೆ ಅವನಿಗೆ ಬೇಸರವಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು, ಅವನೂ ಅಂದುಕೊಂಡಿದ್ದ.

ಈಗಿನ ಲೀಡರ್ ಹಲಸಂಗಿಯ ಸಿದ್ಧರಾಮ. ಗಟ್ಟಿ ಕಾಲು, ಬಿಸಿ ತಲೆ. ಹಳದಿ ಅಂಗಿ ಇದ್ದದ್ದು ಪೈಪ್ ಕಂಪನಿ ತಂಡದ ಮಹಮ್ಮದಹನೀಫನ ಮೈಮೇಲೆ. ಅವನ ಹಿಂದೆ ಸಿದ್ಧರಾಮ, ಸಿದ್ಧರಾಮನ ಹಿಂದೆ ಮಾಳಿಂಗ. ಮೂವರ ನಡುವಿನ ಅಂತರ ಒಂದು ನಿಮಿಷವೂ ಇಲ್ಲ. ಸಿಂದಗಿಯ ಹಾದಿಯಲ್ಲಿ ಅಡ್ಡಗಾಳಿಗೆ ಗುಂಪು ಹರಿದು ಚೂರಾದಾಗ ಸಿದ್ಧರಾಮನನ್ನು ಎಳೆದುಕೊಂಡು ಹೋದ ತಪ್ಪಿಗೆ ಮಾಳಿಂಗನೂ ಮೂರನೆಯವನಾಗಿ ಕೂತಿದ್ದ.

ಬೆಳಿಗ್ಗೆ ಅವಲಕ್ಕಿ ತಿನ್ನುವಾಗ ತಂಡದ ಮ್ಯಾನೇಜರ್ ಸುಜಾತಾ ಮೇಡಂ ಅವನನ್ನು ಬದಿಗೆ ಕರೆದಳು. ಒಂದು ಕಾಲದಲ್ಲಿ ತಾನೂ ತುಳಿದವಳು, ರೇಸಿನ ಲೆಕ್ಕಾಚಾರದಲ್ಲಿ ಅವಳನ್ನು ಮೀರಿಸುವವರು ಕಡಿಮೆ. ಹೇಳುವುದನ್ನು ಸುತ್ತು ಬಳಸಿ ಹೇಳುವವಳಲ್ಲ. ಇವತ್ತು ನಿಡಗುಂದಿಯಲ್ಲಿ ನಿಮಗೆ ಊರದಾರಿ ಬಿಡುತ್ತಾರಲ್ಲ, ಅದೇ ನಮಗಿರುವ ಒಂದೇ ಬಾಗಿಲು ಅಂದಳು.

ಊರದಾರಿ ಎಂದರೆ ಸವಾರರ ನಡುವಿನ ಹಳೆಯ ಪದ್ಧತಿ. ರೇಸು ಯಾರ ಊರ ಮೇಲೆ ಹಾಯುತ್ತದೋ ಅವನನ್ನು ಊರು ಬರುವ ಮೊದಲು ಮುಂದೆ ಬಿಡುತ್ತಾರೆ. ಹಳದಿ ಅಂಗಿಯವನು ಕೈ ಎತ್ತಿ ಗುಂಪನ್ನು ನಿಧಾನ ಮಾಡುತ್ತಾನೆ. ಊರಿನವನು ಹೋಗಿ, ತನ್ನವರ ಹತ್ತಿರ ಇಳಿದು, ಅವರು ಕೊಟ್ಟದ್ದನ್ನು ಒಂದು ಗುಟುಕು ಕುಡಿದು, ಗುಂಪು ಬಂದಾಗ ಹಿಂದೆ ಸೇರಿಕೊಳ್ಳುತ್ತಾನೆ. ಯಾವ ನಿಯಮದಲ್ಲೂ ಇದು ಇಲ್ಲ. ಆದರೆ ಊರದಾರಿಯಲ್ಲಿ ಹೋಗಿ ನಿಲ್ಲದವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೊದಲ ದಿನ ಇಂಡಿಯಲ್ಲಿ ಹನೀಫನಿಗೆ ದಾರಿ ಬಿಟ್ಟಿದ್ದರು; ಅವತ್ತು ಯಾರ ಮೈಮೇಲೂ ಹಳದಿ ಇರಲಿಲ್ಲವಾದ್ದರಿಂದ ಕೈ ಎತ್ತಿದವನು ಮಾಳಿಂಗನೇ. ಹನೀಫ ತನ್ನ ಹೆಂಡತಿ ಶಮ್ಶುನ್ನೀಸಾ ಕೊಟ್ಟ ಶರಬತ್ತು ಕುಡಿದು, ಮೀಸೆ ಒರೆಸಿಕೊಂಡು ಬಂದು ಹಿಂದೆ ಸೇರಿದ್ದ.

ನೀವು ನಿಲ್ಲಬೇಡಿ ಎಂದಳು ಸುಜಾತಾ. ನೀವು ಮೂರನೆಯವರು, ನಿಮ್ಮನ್ನು ಬಿಟ್ಟರೆ ಹನೀಫನ ಅಂಗಿ ಹೋಗುತ್ತದೆ. ಅವನು ಬೆನ್ನು ಹತ್ತಲೇಬೇಕು. ನಿಡಗುಂದಿ ದಾಟಿದ ಮೇಲೆ ರಸ್ತೆ ಉತ್ತರಕ್ಕೆ ತಿರುಗುತ್ತದೆ, ಗಾಳಿ ಎಡಗಡೆಯಿಂದ ಹೊಡೆಯುತ್ತದೆ, ಅವನ ಹುಡುಗರು ಅಲ್ಲಿ ಮುಗಿಯುತ್ತಾರೆ. ಸಿದ್ಧರಾಮ ಅವರ ಹಿಂದೆ ಆರಾಮಾಗಿ ಕೂತು ಬಂದು ಬಾಗೇವಾಡಿ ಹತ್ತಿರ ಜಿಗಿಯುತ್ತಾನೆ.

ಯೋಜನೆಯಲ್ಲಿ ಒಂದು ತೂತೂ ಇರಲಿಲ್ಲ. ಅದೇ ಮಾಳಿಂಗನಿಗೆ ತ್ರಾಸಾಯಿತು. ಹನೀಫ ಮತ್ತು ಅವನು ಒಂದೇ ಕ್ರೀಡಾ ಹಾಸ್ಟೆಲ್ಲಿನಲ್ಲಿ ಒಂದೇ ತಾಟಿನಲ್ಲಿ ಉಂಡವರು. ರಜೆಯಲ್ಲಿ ಹನೀಫ ನಿಡಗುಂದಿಗೆ ಬಂದು ಮಾಳಿಂಗನ ತಾಯಿ ರೇವವ್ವನ ಖಾನಾವಳಿಯಲ್ಲಿ ವಾರಗಟ್ಟಲೆ ಇರುತ್ತಿದ್ದ. ಮಾಳಿಂಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ನೋಡೂಣ್ರಿ” ಅಂದ. ನಮ್ಮ ಕಡೆ ಮದುವೆ, ಜಗಳ, ಎಲೆಕ್ಷನ್ ಎಲ್ಲವೂ ಈ ಒಂದು ಮಾತಿನಲ್ಲಿ ತೂಗಾಡುತ್ತಿರುತ್ತವೆ.

ಮುದ್ದೇಬಿಹಾಳದಿಂದ ನಿಡಗುಂದಿಯವರೆಗೆ ಗಾಳಿ ಎದುರಿಗೇ ಇತ್ತು. ತೊಗರಿ ಹೊಲಗಳ ಮೇಲಿಂದ ಧೂಳು ಎದ್ದು ಹಲ್ಲಿನ ಸಂದಿಯಲ್ಲಿ ಕೂತಿತು. ಯಾರಿಗೂ ಮುಂದೆ ಹೋಗುವ ಮನಸ್ಸಿರಲಿಲ್ಲ, ಇಡೀ ಗುಂಪು ಬಂಡಿ ಎಳೆದ ಹಾಗೆ ಬರುತ್ತಿತ್ತು. ಮಾಳಿಂಗ ಎಂದಿನಂತೆ ಸಿದ್ಧರಾಮನ ಮುಂದೆ ಗಾಳಿಗೆ ಎದೆ ಕೊಟ್ಟು ತುಳಿದ. ಮೊಣಕಾಲು ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೆಲ್ಲೋ ದಣಿವಾಗಿತ್ತು, ಅದು ಎಲ್ಲಿ ಅಂತ ಕೈಯಿಟ್ಟು ತೋರಿಸಲು ಬರುವಂತಿರಲಿಲ್ಲ. ನಿಲ್ಲುತ್ತೇನೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿದ. ಮೇಡಂ ಏನಾದರೂ ಅನ್ನಲಿ, ಅವ್ವನ ಮುಂದೆ ಇಳಿಯುತ್ತೇನೆ.

ಊರು ಕಾಣಿಸಿದಾಗ ಹನೀಫ ಪಕ್ಕಕ್ಕೆ ಬಂದ. ಅವನ ಹಳದಿ ಅಂಗಿಯೂ ಧೂಳಿನಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೈ ಎತ್ತಿ ಎಲ್ಲರನ್ನೂ ನಿಧಾನ ಮಾಡಿ ಮಾಳಿಂಗನ ಬೆನ್ನಿಗೆ ಮೆತ್ತಗೆ ತಟ್ಟಿದ.

“ಹೋಗಲೇ ಮಾಳ್ಯಾ, ಅವ್ವ ಹಾದಿ ನೋಡ್ತಿರ್ತಾಳ. ನನಗೂ ಒಂದ್ ಗುಟುಕು ಉಳಸು.”

ಮಾಳಿಂಗ ಮುಂದೆ ಹೋದ. ರಸ್ತೆಯ ಎರಡೂ ಬದಿಗೆ ಜನ ನಿಂತಿದ್ದರು, ಹೆಸರು ಹಿಡಿದು ಕೂಗುತ್ತಿದ್ದರು. ಬಸ್‌ಸ್ಟ್ಯಾಂಡು ದಾಟಿ ಖಾನಾವಳಿಯ ಮುಂದೆ ಅವನ ಹೆಂಡತಿ ಕಾವೇರಿ ಮೊಬೈಲ್ ಎತ್ತಿ ಹಿಡಿದಿದ್ದಳು. ಅವಳ ಪಕ್ಕದಲ್ಲಿ ರೇವವ್ವ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ತಂಬಿಗೆ ಹಿಡಿದು, ರಸ್ತೆಗೇ ಎರಡು ಹೆಜ್ಜೆ ಇಳಿದು ನಿಂತಿದ್ದಳು. ತಂಬಿಗೆಯಲ್ಲಿ ಮಜ್ಜಿಗೆ. ಮಗ ಬೆವರುತ್ತಾನೆ ಎಂದು ಅವಳು ಯಾವಾಗಲೂ ಅದಕ್ಕೆ ಒಂದು ಚಿಟಿಕೆ ಬದಲು ಒಂದು ಮುಷ್ಟಿ ಉಪ್ಪು ಹಾಕುತ್ತಿದ್ದಳು.

ಕಿವಿಯೊಳಗಿನ ರೇಡಿಯೊದಲ್ಲಿ ಸುಜಾತಾ ಮೆಲ್ಲಗೆ ಹೇಳಿದಳು, “ನಿಲ್ಲಬ್ಯಾಡ್ರಿ ಮಾಳಿಂಗ.”

ಆಮೇಲೆ ಅವನು ಎಷ್ಟು ಸಲ ನೆನೆಸಿಕೊಂಡರೂ ಆ ಗಳಿಗೆಯಲ್ಲಿ ಏನಾಯಿತು ಎಂದು ತನಗೆ ತಾನೇ ಪೂರ್ತಿ ಹೇಳಿಕೊಳ್ಳಲಾಗಲಿಲ್ಲ. ಮೇಡಂ ಹೇಳಿದರು ಅನ್ನುವುದು ನೆಪ. ಇಳಿದರೆ ಮತ್ತೆ ಹತ್ತಲಾರೆ ಎಂದು ಕಾಲು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ಹೀಗಿತ್ತು: ಮುಂದೆ ರಸ್ತೆ ಖಾಲಿ ಇತ್ತು, ಬೆನ್ನಿಗೆ ಯಾರೂ ಇರಲಿಲ್ಲ, ಅಂಥ ಖಾಲಿ ರಸ್ತೆ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಅದು ಬೇಕು ಅನ್ನಿಸಿತು. ಅವನು ಅವ್ವನ ಮುಖ ನೋಡದೆ ಹ್ಯಾಂಡಲ್ಲಿನ ಮೇಲೆ ತಲೆ ಬಗ್ಗಿಸಿದ. ತಂಬಿಗೆ ಹಿಡಿದ ಕೈ ಮಾತ್ರ ಕಣ್ಣಿನ ಅಂಚಿಗೆ ತಾಗಿ ಹಿಂದೆ ಹೋಯಿತು.

ಊರು ದಾಟಿ ಉತ್ತರಕ್ಕೆ ತಿರುಗಿದಾಗ ಗಾಳಿ ಎಡಗಡೆಯಿಂದ ತಳ್ಳತೊಡಗಿತು. ಸೈಕಲ್ಲು ಬಲಕ್ಕೆ ಬಲಕ್ಕೆ ಸರಿಯುತ್ತಿತ್ತು. ಮಾಳಿಂಗ ಹಿಂದೆ ನೋಡಿದ, ಯಾರೂ ಇಲ್ಲ. ಇನ್ನಷ್ಟು ದೂರ ಹೋಗಿ ನೋಡಿದ, ಆಗಲೂ ಇಲ್ಲ. ಬೆನ್ನು ಹತ್ತುವವರು ಇಷ್ಟು ಹೊತ್ತಿಗೆ ಕಾಣಬೇಕಿತ್ತು.

ಸುಜಾತಾಳ ದನಿಯಲ್ಲಿ ಗೊಂದಲವಿತ್ತು. ಗುಂಪು ಇನ್ನೂ ಊರೊಳಗೇ ಇದೆಯಂತೆ. ಹನೀಫ ಸೈಕಲ್ ಇಳಿದಿದ್ದಾನೆ, ಪಂಕ್ಚರ್ ಇರಬೇಕು, ಅವನ ಹುಡುಗರು ಅವನಿಗಾಗಿ ನಿಂತಿದ್ದಾರೆ. ಅವರು ಓಡದೆ ಸಿದ್ಧರಾಮ ಓಡುವಂತಿಲ್ಲ, ತನ್ನ ತಂಡದವನನ್ನೇ ಬೆನ್ನು ಹತ್ತಿದರೆ ಎಲ್ಲರನ್ನೂ ಎಳೆದುತಂದ ಹಾಗಾಗುತ್ತದೆ. ಮತ್ತೆ ರೇಡಿಯೊದಲ್ಲಿ ಬಂದಾಗ ಅವಳು ಬೇರೆಯೇ ಮಾತಾಡಿದಳು.

“ಇನ್ನ ಲೀಡರ್ ನೀವ. ಹಿಂದ ನೋಡಬ್ಯಾಡ್ರಿ, ತುಳೀರಿ.”

ಜೀವಮಾನದಲ್ಲಿ ಕೇಳಲು ಕಾದಿದ್ದ ಮಾತು. ಬಂದ ಹೊತ್ತು ಸರಿ ಇರಲಿಲ್ಲ. ಹನೀಫನಿಗೆ ಪಂಕ್ಚರ್ ಆಗಿದ್ದರೆ ತಾನು ಮೋಸದ ಮೇಲೆ ಇನ್ನೊಂದು ಮೋಸ ಮಾಡಿದ ಹಾಗೆ ಎಂದು ಮಾಳಿಂಗನಿಗೆ ಅನ್ನಿಸಿತು. ಆದರೂ ತುಳಿದ. ಬಾಗೇವಾಡಿಯ ಮನೆಗಳು ಕಾಣುವಾಗ ಹಿಂದೆ ಹಳದಿ ಬಣ್ಣ ಕಾಣಿಸಿತು. ಹನೀಫ ತನ್ನವರನ್ನೆಲ್ಲ ಗಾಳಿಗೆ ಒಡ್ಡಿ, ಅವರು ಮುಗಿದು ಸಿದ್ಧರಾಮನೂ ಹಿಂದುಳಿದ ಮೇಲೆ ಒಬ್ಬನೇ ಬರುತ್ತಿದ್ದ, ಹತ್ತಿರ ಹತ್ತಿರ ಬರುತ್ತಲೇ ಇದ್ದ. ಮಾಳಿಂಗ ಕಣ್ಣು ಕತ್ತಲೆಗಟ್ಟುವವರೆಗೆ ತುಳಿದು ಗೆರೆ ದಾಟಿದ. ಎಲ್ಲ ದಿನದ ಲೆಕ್ಕ ಕೂಡಿಸಿದಾಗ ಗೆದ್ದವನು ಅವನೇ, ಒಂದು ಉಸಿರಿನಷ್ಟು ಅಂತರದಲ್ಲಿ.

ಹಳದಿ ಅಂಗಿ ತೊಡಿಸಿದರು. ಶಾಲು, ಹಾರ, ಫೋಟೊ ಎಲ್ಲ ಆಯಿತು. ಇಷ್ಟು ವರ್ಷಕ್ಕೊಮ್ಮೆ ಗೆದ್ದವನು ನಗಬೇಕಿತ್ತು. ಫೋಟೊದವನು ಎಷ್ಟು ಹೇಳಿದರೂ ತುಟಿ ಅರಳಲಿಲ್ಲ. ಸಿದ್ಧರಾಮ ದೂರದಲ್ಲಿ ಹೆಲ್ಮೆಟ್ ನೆಲಕ್ಕೆ ಬಡಿದು ವ್ಯಾನ್ ಹತ್ತಿದ. ಸುಜಾತಾ ಅಭಿನಂದನೆ ಹೇಳಿದಳು, ಹೇಳುವಾಗ ಅವನ ಮುಖ ನೋಡಲಿಲ್ಲ. ಹನೀಫ ಬಂದು ಎಲ್ಲರೆದುರು ಕೈ ಕುಲುಕಿದ, ಹೋಗಿ ತನ್ನ ತಂಡದ ವ್ಯಾನಿನ ನೆರಳಿನಲ್ಲಿ ಕಾಲು ಚಾಚಿ ಕೂತ.

ಪಂಕ್ಚರ್ ಹೇಗಾಯಿತು ಎಂದು ಕೇಳಬೇಕು, ಕ್ಷಮೆ ಬೇಡಬೇಕು, ಎಲ್ಲಿಂದ ಶುರು ಮಾಡುವುದು ಎಂದು ಮಾಳಿಂಗ ಲೆಕ್ಕ ಹಾಕುತ್ತಿರುವಾಗ ಫೋನ್ ಬಂತು. ರೇವವ್ವ. ಅವಳು ಬೈಯುತ್ತಾಳೆ ಎಂದು ಅವನು ಕಣ್ಣು ಮುಚ್ಚಿಕೊಂಡು ಎತ್ತಿದ.

ರೇವವ್ವ ಬೈಯಲಿಲ್ಲ. ಖುಷಿಯಲ್ಲಿದ್ದಳು.

“ಗೆದ್ದೆಂತಲ್ಲೋ, ಕಾವೇರಿ ಮೊಬೈಲ್‌ದಾಗ ನೋಡ್ಯಾಳ. ನೀ ನಿಲ್ಲದ ಹ್ವಾದಾಗ ನನ್ನ ಎದಿ ಧಸಕ್ ಅಂತು ನೋಡು, ನನ್ನ ಮ್ಯಾಲೆ ಏನರ ಸಿಟ್ಟೈತೇನೋ ಅಂತ. ತಂಬಗಿ ಹಿಡಕೊಂಡು ಹಂಗ ನಿಂತ್ಬಿಟ್ಟೆ. ಆಮ್ಯಾಗ ನಮ್ಮ ಹನೀಫ ಬಂದ, ಇಳದ, ಕಾಲು ಮುಟ್ಟಿದ. ಈ ಸರ್ತಿ ಅವಗ ನಿಂದ್ರಾಕ ಬಿಡಂಗಿಲ್ಲಬೇ, ಅದಕ್ಕ ಮಾಳ್ಯಾ ತನ್ನ ಪಾಲಿಂದೂ ನೀನ ಕುಡಿ ಅಂತ ಕಳಿಸ್ಯಾನ ಅಂದ. ತಂಬಗಿ ಖಾಲಿ ಮಾಡಿ ಹ್ವಾದ, ಪಾಪ. ಎಷ್ಟ ಕಾಳಜಿ ನಿನಗ, ಅವನ್ನ ಕಳಿಸಿದೆಲ್ಲ.”

ಮಾಳಿಂಗ ಹೂಂ ಅಂದ, ಆಮೇಲೆ ಮಾಡುತ್ತೇನೆ ಅಂದ, ಫೋನ್ ಇಟ್ಟ. ಪಂಕ್ಚರ್ ಆಗಿರಲೇ ಇಲ್ಲ. ರಸ್ತೆಯ ಮೇಲೆ ಚಾಚಿದ ಕೈ ಇಳಿಸದೆ ನಿಂತ ಮುದುಕಿಯ ಮುಂದೆ ಹನೀಫ ಇಳಿದಿದ್ದ, ತನ್ನ ಹಳದಿ ಅಂಗಿ ಮುಂದೆ ಓಡಿಹೋಗುತ್ತಿದೆ ಎಂದು ಗೊತ್ತಿದ್ದೂ ಇಳಿದಿದ್ದ. ಸುಜಾತಾಳ ಯೋಜನೆಯಲ್ಲಿ ಗಾಳಿ, ರಸ್ತೆ, ಕಾಲು ಎಲ್ಲಕ್ಕೂ ಲೆಕ್ಕವಿತ್ತು, ಇದಕ್ಕೆ ಮಾತ್ರ ಇರಲಿಲ್ಲ. ಮಾಳಿಂಗನಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ವ್ಯಾನಿನ ಹತ್ತಿರ ಹೋಗಿ ಹನೀಫನ ಪಕ್ಕದಲ್ಲಿ, ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು ಕೂತ. ಹಳದಿ ಅಂಗಿ ತೆಗೆದು ಇಬ್ಬರ ನಡುವೆ ಇಟ್ಟ. ಹನೀಫ ಅದರ ಕಡೆ ನೋಡಲಿಲ್ಲ.

“ಅವ್ವ ಫೋನ್ ಮಾಡಿದ್ಲು,” ಅಂದ ಮಾಳಿಂಗ.

“ಹೂಂ.”

“ಆಕಿಗೆ ಖರೇ ಹೇಳ್ತೇನಿ. ಎಲ್ಲಾರಿಗೂ ಹೇಳ್ತೇನಿ.”

“ಎಲ್ಲಾರಿಗೂ ಗೊತ್ತೈತಿ, ಕಂಡಾರ. ಆಕಿಗೆ ಮಾತ್ರ ಹೇಳಬ್ಯಾಡ.” ಹನೀಫ ಬೂಟಿನ ಪಟ್ಟಿ ಸಡಿಲಿಸಿದ. “ನೀನ ಕಳಿಸಿದ್ದಿ ಅಂತ ತಿಳಕೊಂಡಾಳ. ಹಂಗ ಇರಲಿ.”

ಮೈಕಿನಲ್ಲಿ ಯಾರೋ ಮಾಳಿಂಗನ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಿದ್ದರು. ಗಾಳಿ ವ್ಯಾನಿನ ಬಾಗಿಲನ್ನು ಬಡಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಹನೀಫ ನಾಲಿಗೆಯಿಂದ ತುಟಿ ಸವರಿಕೊಂಡ.

“ಉಪ್ಪು ಭಾಳ ಹಾಕ್ಯಾಳ. ಇನ್ನೂ ನೀರಡಿಕಿ ನಿಂತಿಲ್ಲ.”

ಮಾಳಿಂಗ ತನ್ನ ನೀರಿನ ಬಾಟಲಿ ಮುಂದೆ ಹಿಡಿದ. ಹನೀಫ ತಗೊಂಡ. ಕುಡಿಯಲಿಲ್ಲ, ಪಕ್ಕಕ್ಕೆ ಇಟ್ಟ.