ಮೊದಲ ದಮ್ಮು

ತೊಡೆಯ ಮೇಲೆ ಒಂದು ಇಡೀ ತೆಂಗಿನ ಚಿಪ್ಪು. ಒಳಗೆ ಅರೆಪಾಲು ನೀರು. ಅದರ ನೆತ್ತಿಯಲ್ಲಿ ನೆಟ್ಟಗೆ ನಿಂತ ಮರದ ನಳಿಗೆ, ನಳಿಗೆಯ ತುದಿಗೆ ಕೆಂಡ ಕಾಣದ ಮಣ್ಣಿನ ಚಿಲುಮೆ. ಪಕ್ಕದ ತೂತಿನಿಂದ ಹೊರಟ ಬಿದಿರಿನ ಕೊಳವೆಗೆ ತುಟಿಯೊತ್ತಿ, ಕಣ್ಣು ಮುಚ್ಚಿ, ಹೊಳವನಹಳ್ಳಿಯ ಪಟೇಲನ ಅಂಗಳದ ಬಿಸಿಲಿನಲ್ಲಿ ಹಬೀಬ್ ಸಾಬ್ ಕುಳಿತಿದ್ದ. ಕೀಲುಗಳಿಗೆ ಮೆತ್ತಿದ ಅರಗು ಇನ್ನೂ ಬೆಚ್ಚಗಿತ್ತು. ಕೂದಲೆಳೆಯಷ್ಟು ಗಾಳಿ ಎಲ್ಲಾದರೂ ನುಸುಳುತ್ತಿದೆಯೇ ಎಂದು ಅವನು ಆಲಿಸುತ್ತಿದ್ದ.

"ಲೇ ಸಾಬಿ! ಬಾಯಿ ಹಾಕ್ಬುಟ್ಯೇನ್ಲಾ, ಬೋಳಿಮಗನೇ!"

ಜಗುಲಿಯ ಮೇಲೆ ಪಟೇಲ ವೀರಭದ್ರಯ್ಯ ನಿಂತಿದ್ದ.

ಶಿರಾದಲ್ಲಿ ಇಂಥ ಗುಡಗುಡಿ ಮಾಡುತ್ತಿದ್ದ ಮನೆಗಳೆಲ್ಲ ಈಗ ಬೀಡಿ ಸುತ್ತುತ್ತಿದ್ದವು. ಉಳಿದವನು ಇವನೊಬ್ಬ. ಎರಡು ವರ್ಷದಿಂದ ಯಾರೂ ಕೇಳಿ ಬಂದಿರಲಿಲ್ಲ. ಸಂಜೆ ಬರುವ ಪಾವಗಡದ ಬೀಗರ ಅಜ್ಜನಿಗೆ ಗುಡಗುಡಿಯೇ ಆಗಬೇಕೆಂದು ಪಟೇಲ ಇವನನ್ನು ಹುಡುಕಿಸಿ ಕರೆಸಿ, ತನ್ನ ಅಂಗಳದಲ್ಲೇ ಕೂರಿಸಿದ್ದ. ಅಲ್ಲಿಯವರೆಗೆ, ಮಾಡಿದವನೇ ಎಳೆದು ನೋಡುವ ಮೊದಲ ದಮ್ಮು ಶಿರಾದ ಗೋಡೆಗಳೊಳಗೆ ಮುಗಿದುಹೋಗುತ್ತಿತ್ತು, ಕೊಂಡವರು ಕಂಡಿರಲಿಲ್ಲ.

"ಎಳ್ದ್ ನೋಡ್ದೆ ಹೆಂಗ್ ಗೊತ್ತಾಯ್ತದೆ ಬುದ್ದೀ?"

"ಲೇ ದೊಡ್ಡಹನುಮಾ, ಸೈಕಲ್ ಪಂಪ್ ತಗಂಬಾರ್ಲಾ. ಅದ್ರಾಗೆ ನೋಡ್ಲಿ."

"ಪಂಪು ಊದ್ತದೆ ಬುದ್ದೀ, ಸೇದಾಕಿಲ್ಲ."

ಜೀತದಾಳು ದೊಡ್ಡಹನುಮಯ್ಯ ನಗು ತಡೆಯಲಾರದೆ ಮುಖ ತಿರುಗಿಸಿದ.

"ಮುಚ್ಚಲೇ ಬಾಯಿ! ನಿನ್ ಎಂಜ್ಲು ನನ್ ಬೀಗ್ರು ಸೇದ್ಬೇಕಾ? ಆ ಕೊಳ್ವೆ ಬಿಸಾಕಿ ಬ್ಯಾರೆ ಹಾಕು. ಬಾಯಿ ತಗುಲಿಸ್ದೆ ಕೊಟ್ರೆ ಸುತ್ತ ಏಳೂರ ಪಟೇಲ್ರಿಗೂ ಹೇಳ್ತೀನಿ, ನಿನ್ ಕೈಲೇ ಮಾಡಿಸ್ಕಳ್ಳಿ ಅಂತ. ಇಲ್ಲಾಂದ್ರೆ ಈ ಸೀಮೇಲಿ ನಿನ್ ಚಿಪ್ಪು ಮುಟ್ಟೋನ್ ಇರಾಕಿಲ್ಲ, ತಿಳ್ಕೊ."

ಹಬೀಬ್ ಸಾಬ್ ಹೊಸ ಕೊಳವೆ ಕೂರಿಸಿದ. ಅರಗು ಕಾಯಿಸಿ ಸುತ್ತಲೂ ಮೆತ್ತಿದ. ಹಾಗೆಯೇ ಎತ್ತಿ ಕೊಟ್ಟರೆ ಏಳೂರು ಅವನದಾಗುತ್ತಿತ್ತು. ಅವನು ಕೀಲಿನ ಅರಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

ಆಮೇಲೆ, ಪಟೇಲ ನೋಡನೋಡುತ್ತಿದ್ದಂತೆ, ತುಟಿಗಿಟ್ಟು ಎಳೆದ. ಚಿಪ್ಪಿನೊಳಗೆ ನೀರು ಗುಳುಗುಳು ನುಡಿಯಿತು.

"ಸೋರಾಕಿಲ್ಲ ಬುದ್ದೀ. ನಿಮ್ ತಾತ್ನೋರು ಸಾಯೋಗಂಟ ಸೇದಿದ್ ಗುಡಗುಡೀನೂ ನಮ್ಮಪ್ಪ ಇಂಗೇ ಎಳ್ದು ಕೊಟ್ಟಿದ್ದು."

ಒಳಮನೆಯಲ್ಲಿ ಬಳೆಗಳ ಸದ್ದು ನಿಂತಿತು. ಪಟೇಲ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ಮರೆತಿದ್ದ.

"ಆಚಿಕ್ ತಳ್ಳಲೇ ಅವನ್ನ!"

ತಳ್ಳಬೇಕಾಗಲಿಲ್ಲ. ಗುಡಗುಡಿಯನ್ನು ಮೆಟ್ಟಿಲ ಮೇಲೆ ನೆಟ್ಟಗೆ ನಿಲ್ಲಿಸಿ, ಉಳಿಯನ್ನು ಚೀಲಕ್ಕೆ ಸೇರಿಸಿ, ಅವನು ಎದ್ದ. ದೊಡ್ಡಹನುಮಯ್ಯ ಹೆಬ್ಬಾಗಿಲವರೆಗೂ ಹಿಂದೆ ಬಂದ.

"ಸಾಬ್ರೇ..." ಎಂದ.

"ಹಾಕ್ಲಾ ಬಾಗ್ಲು!" ಒಳಗಿನಿಂದ ಪಟೇಲನ ಕೂಗು ಬಂತು.

ಹಬೀಬ್ ಸಾಬ್ ಹೊಸ್ತಿಲು ದಾಟಿದ. ದೊಡ್ಡಹನುಮಯ್ಯ ತಲೆ ತಗ್ಗಿಸಿ, ಎರಡೂ ಕೈಯಿಂದ ಬಾಗಿಲು ಹಾಕಿದ.